ತಪ್ಪು ತೆಗೆಯುವ ಮಾವ

ಚನ್ನವೀರಪ್ಪನ ದೇಹವನ್ನು ಗೋಡೆಗೆ ಒರಗಿಸಿ ಕೂರಿಸುವಾಗ ತಲೆ ಎಡಕ್ಕೆ ವಾಲಿತು. ಮಗ ಕಾಂತೇಶ ಹಿಂದಿನಿಂದ ಹಿಡಿದುಕೊಂಡ. ನೆರೆಯ ಪೀರಪ್ಪ ರುಮಾಲು ಸುತ್ತಿ ಹಣೆಗೆ ವಿಭೂತಿ ಹಚ್ಚಿದ. ಸೊಸೆ ಕೇತಕಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಮಧ್ಯಾಹ್ನ ಸೊಲ್ಲಾಪುರದಲ್ಲಿ ಅವಳ ಸರಕಾರಿ ನೌಕರಿಯ ಪರೀಕ್ಷೆ ಇತ್ತು. ವಯಸ್ಸು ಮೀರುತ್ತಿದ್ದುದರಿಂದ ಇದೇ ಕೊನೆಯ ಸಲ.

“ಸೊಸಿ ಇಲ್ದ ಮಣ್ಣ ಹ್ಯಾಂಗ ಕೊಡೂದು?” ಮೈಂದರ್ಗಿಯಿಂದ ಬಂದಿದ್ದ ಚನ್ನವೀರಪ್ಪನ ತಂಗಿ ಸುಗಲಾಬಾಯಿ ಎಲ್ಲರಿಗೂ ಕೇಳುವಂತೆ ಅಂದಳು. “ಮಂದಿ ಏನಂದಾರು?”

“ನಾ ಹೋಗೂದಿಲ್ರಿ ಆತ್ಯಾ,” ಎಂದಳು ಕೇತಕಿ.

*

ಕಾಂತೇಶ ಸೊಲ್ಲಾಪುರದ ಮರಾಠಿ ಹುಡುಗಿಯನ್ನು ತಾನೇ ಮೆಚ್ಚಿ ಮದುವೆಯಾಗಿ ತನ್ನೂರು ತಡವಳಕ್ಕೆ ಕರೆತಂದಾಗ ಚನ್ನವೀರಪ್ಪ ಬೈಯಲಿಲ್ಲ. ಸೊಸೆಯೊಂದಿಗೆ ಮಾತೇ ಆಡಲಿಲ್ಲ. ನೀರು ಬೇಕಾದರೂ ಹೆಂಡತಿ ಗುರಮ್ಮನನ್ನು ಕೂಗುತ್ತಿದ್ದ. ಹಾಗೆ ವರ್ಷ ಕಳೆಯಿತು.

ಒಂದು ಸಂಜೆ ಕೇತಕಿ ಪಡಸಾಲೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಅಭ್ಯಾಸವನ್ನು ಗಟ್ಟಿಯಾಗಿ ಓದುತ್ತಿದ್ದಳು. ವಾಕ್ಯದಲ್ಲಿರುವ ತಪ್ಪು ಹುಡುಕಬೇಕು. ‘ಶಿ ಸ್ಪಿಲ್ಡ್ ಎ ಬೀನ್ಸ್’. ಅವಳು ಗುಟ್ಟು ಬಿಟ್ಟುಕೊಟ್ಟಳು ಎಂದರ್ಥ.

“‘ಎ’ ಅಲ್ಲ, ‘ದ’,” ಎಂದ ಅಡಕೆ ಕತ್ತರಿಸುತ್ತಿದ್ದ ಚನ್ನವೀರಪ್ಪ. “ಬೀನ್ಸ್ ಅಂದ್ರ ಒಂದ ಕಾಳೇನು?”

ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಕೇತಕಿ ತಲೆ ಎತ್ತದೆ ಮುಂದಿನ ವಾಕ್ಯ ಓದಿದಳು.

ಆಮೇಲೆ ದಿನಾ ಸಂಜೆ ಅದೇ. ಅವನದು ಹಳೆಯ ಮ್ಯಾಟ್ರಿಕ್ ಇಂಗ್ಲಿಷು. ಉತ್ತರಗಳು ಅರ್ಧಕ್ಕರ್ಧ ತಪ್ಪು. “ಮಾವ, ಪುಸ್ತಕದಾಗ ಬ್ಯಾರೆ ಐತ್ರಿ,” ಎಂದರೆ, “ಪುಸ್ತಕ ತಪ್ಪ ಛಾಪಿಸ್ಯಾರ,” ಎನ್ನುವನು. ಅವಳು ನಕ್ಕರೆ ಸಿಟ್ಟಾಗುವನು. ಮರುದಿನ ಅವಳು ಬರುವುದು ತಡವಾದರೆ, “ಯಾಕ, ಇವತ್ತ ಸಾಲಿ ಸೂಟಿ ಏನು?” ಎಂದು ಒಳಗೆ ಕೂಗುವನು.

*

ಗುರಮ್ಮ ಗಂಡನ ದೇಹದ ಪಕ್ಕದಿಂದ ಎದ್ದು ಸೊಸೆಯ ಹತ್ತಿರ ಬಂದಳು. “ಬಸ್ಸಿನ ಯಾಳೆ ಆತು. ಹೋಗು.”

“ಆಯಿ, ನಕೋ… ಬ್ಯಾಡ್ರಿ,” ಎಂದಳು ಕೇತಕಿ.

“ನಿಮ್ಮ ಮಾವ ಜ್ವರದಾಗೂ ಆಕಿ ಪರೀಕ್ಷಾ, ಆಕಿ ಪರೀಕ್ಷಾ ಅಂತ ಬಡಬಡಸ್ಯಾರ. ಹೋಗು.”

“ವೈನಿ, ಇದು ಸರಿ ಅಲ್ಲ,” ಎಂದಳು ಸುಗಲಾಬಾಯಿ.

“ನನ್ನ ಗಂಡ, ನನ್ನ ಸೊಸಿ. ನೀ ಸುಮ್ಕಿರು.”

ಕೇತಕಿ ಮಾವನ ಪಾದ ಮುಟ್ಟಿ ಹೊರಟಳು. ಪೀರಪ್ಪ ಮೋಟಾರ್‌ಸೈಕಲ್ ಮೇಲೆ ಬಸ್ಸಿಗೆ ಬಿಟ್ಟುಬಂದ.

ಪರೀಕ್ಷೆಯಲ್ಲಿ ಒಂದು ವಾಕ್ಯದ ತಪ್ಪು ಅವಳಿಗೆ ಸಿಗಲಿಲ್ಲ. ಮಾವ ಯಾವ ಉತ್ತರ ಹೇಳುತ್ತಿದ್ದ ಎಂದು ಯೋಚಿಸಿ, ಅದನ್ನು ಬಿಟ್ಟು ಬೇರೆಯದಕ್ಕೆ ಗುರುತು ಹಾಕಿದಳು.

ತಡವಳಕ್ಕೆ ಮರಳಿದಾಗ ದೀಪ ಹಚ್ಚುವ ಹೊತ್ತು. ಹೊಲದಲ್ಲಿ ಮಣ್ಣು ಕೊಟ್ಟು ಬಂದವರೆಲ್ಲ ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋಗಿದ್ದರು. ಮಣ್ಣಿಗೆ ಇರದ ಕೇತಕಿ ಹೊಸ್ತಿಲ ಹೊರಗೇ ನಿಂತಳು.

ಗುರಮ್ಮ ತಂಬಿಗೆ ತುಂಬಿಕೊಂಡು ಬಂದು, ಸುಗಲಾಬಾಯಿ ನೋಡುತ್ತಿದ್ದಂತೆಯೇ ಬಗ್ಗಿ, ಸೊಸೆಯ ಕಾಲಿಗೆ ನೀರು ಹಾಕಿದಳು.