ಓರೆ ಗೆರೆ ಬರೆದ ಪೆನ್ನು

ನಾನೊಂದು ಗೆರೆ ಬರೆಯುವ ಯಂತ್ರ. ಉರುಳುವ ಕಾಗದ, ಒಂದು ಪೆನ್ನು, ಅದನ್ನು ಆಡಿಸುವ ಪುಟ್ಟ ಮೋಟಾರು, ಇಷ್ಟೇ ನನ್ನ ಆಸ್ತಿ. ಕಾರ್ಖಾನೆಯಲ್ಲಿ ನನ್ನನ್ನು ಪರೀಕ್ಷಿಸಿದ ಹೆಂಗಸು "ಇದರ ಕೈ ನೆಟ್ಟಗಿದೆ" ಎಂದು ಮುದ್ರೆ ಒತ್ತಿದ್ದಳು. ಆ ಒಂದು ಮಾತನ್ನು ಹಿಡಿದುಕೊಂಡೇ ಇಷ್ಟು ವರ್ಷ ಬದುಕಿದ್ದೇನೆ.

ಧಾರವಾಡದ ಒಂದು ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಬಂದೆ. ಹಂಪಿಹೊಳಿ ಸರ್ ಅಲ್ಲಿಯ ಯಜಮಾನರು. ಕೊಳವೆಯಲ್ಲಿ ತುಂಬಿದ ಅನಿಲಕ್ಕೆ ತರಂಗಾಂತರ ಬದಲಿಸುತ್ತ ನೇರಳಾತೀತ ಬೆಳಕು ಹಾಯಿಸುತ್ತಿದ್ದರು. ಅನಿಲ ಎಷ್ಟು ಬೆಳಕು ನುಂಗಿತೋ ನಾನು ಅಷ್ಟು ಎತ್ತರ ಬರೆಯಬೇಕು. ಬರೆದೆ. ಗೆರೆಯಲ್ಲಿ ಎದ್ದ ಗುಡ್ಡ ಓರೆಯಾಗಿ ಬಂತು. ಒಂದು ಪಕ್ಕ ಕಡಿದಾದ ಇಳಿಜಾರು, ಇನ್ನೊಂದು ಪಕ್ಕ ಉದ್ದನೆಯ ಬಾಲ. ಕಲ್ಮೇಶ ಎಂಬ ಸಂಶೋಧನಾ ವಿದ್ಯಾರ್ಥಿ ಅದನ್ನು ಸರ್ ಮುಂದೆ ಹಿಡಿದ.

"ಪೆನ್ನು ಎಳೀತದಪಾ, ಹಿಂದ ಉಳೀತದ. ಎರಡೂ ಕಡೆ ಸಮ ಇರಬೇಕು. ಮತ್ತ ಮಾಡು."

ಎರಡು ವರ್ಷ ಮಾಡಿದ. ನನ್ನ ಹೊಟ್ಟೆ ಬಿಚ್ಚಿ ಎಣ್ಣೆ ಬಿಟ್ಟ, ಪೆನ್ನು ಬದಲಿಸಿದ. ನಾನು ಓರೆಯನ್ನೇ ಬರೆದೆ. ಕಂಡದ್ದನ್ನು ಬಿಟ್ಟು ಬೇರೆ ಬರೆಯಲು ನನಗೆ ಬರುವುದಿಲ್ಲ. ಕೊನೆಗೆ ಅವನು "ಈ ಹಾಳ ಯಂತ್ರ ನನ್ನ ಬಾಳೇ ಕೆಡಿಸ್ತು" ಎಂದು ಸಂಶೋಧನೆಯನ್ನೇ ಬಿಟ್ಟು ಹೋದ. ಬಹಳ ಸಂಕಟಪಟ್ಟೆ.

ಒಂಬತ್ತು ವರ್ಷದ ಮೇಲೆ ಇಂದುಮತಿ ಕಟಗೇರಿ ಎಂಬ ವಿದ್ಯಾರ್ಥಿನಿ ಅದೇ ಕೆಲಸಕ್ಕೆ ಕುಳಿತಳು. ಗೆರೆ ಅದೇ, ಬೈಗುಳವೂ ಅದೇ. ಆದರೆ ಅವಳು ಒಂದು ದಿನ ಬೆಳಕಿನ ತರಂಗಾಂತರವನ್ನು ತಿರುವುಮುರುವಾಗಿ, ಕೊನೆಯಿಂದ ಮೊದಲಿಗೆ ಬದಲಿಸುತ್ತ ಹಾಯಿಸಿದಳು.

"ಪೆನ್ನು ಎಳೀತಿದ್ರ ಬಾಲ ಈಗ ಗುಡ್ಡದ ಆ ಕಡೆ ತರಂಗಾಂತರಕ್ಕ ಹೋಗಬೇಕಿತ್ತಲ್ರಿ ಸರ್? ಹೋಗಿಲ್ಲ ನೋಡ್ರಿ, ಮೊದಲಿದ್ದ ತರಂಗಾಂತರದಾಗ ಅದ. ಪರಮಾಣುವಿನ ಒಳಗ ಎಲೆಕ್ಟ್ರಾನಿಗೆ ಶಕ್ತಿಯ ಮೆಟ್ಟಿಲ ಅದಾವ, ಅದರ ಮ್ಯಾಲ ಪರಮಾಣು ಬಿಟ್ಟು ಹೋಗೂ ಬಯಲು. ಈ ಒಂದು ಮೆಟ್ಟಿಲ ಬಯಲಿನ ಒಳಗ ಅದ. ಸೀದಾ ಬಯಲಿಗೆ ಹೋಗೂ ದಾರಿ, ಮೆಟ್ಟಿಲ ಮ್ಯಾಲ ನಿಂತು ಹೋಗೂ ದಾರಿ, ಎರಡೂ ಕೂಡ್ತಾವ. ಒಂದ್ ಕಡೆ ಕೈ ಜೋಡಸ್ತಾವ, ಇನ್ನೊಂದ್ ಕಡೆ ಒಂದನ್ನೊಂದು ಅಳಸ್ತಾವ. ಗುಡ್ಡ ಓರೆ ಇರೂದ ಖರೆ ರೀ."

ಸರ್ ಎದ್ದರು. ಕಪಾಟಿನಿಂದ ಕಲ್ಮೇಶನ ಕಾಗದದ ಸುರುಳಿ ತಂದು ಪಕ್ಕಕ್ಕೆ ಹರಡಿದರು. ಎರಡೂ ಒಂದೇ.

"ಅವ ಈಗ ಎಲ್ಲಿದ್ದಾನ?"

ಯಾರಿಗೂ ಗೊತ್ತಿರಲಿಲ್ಲ. ಹಳೆಯ ವಿಳಾಸಕ್ಕೆ ಹಾಕಿದ ಪತ್ರ ಮರಳಿ ಬಂತು.

ಇಂದುಮತಿಗೆ ಡಾಕ್ಟರೇಟು ಸಿಕ್ಕಿತು, ಪ್ರಯೋಗಾಲಯಕ್ಕೆ ಕಂಪ್ಯೂಟರು ಬಂತು. ನಾನೀಗ ಉಗ್ರಾಣದಲ್ಲಿ, ಕಾಲು ಮುರಿದ ಸ್ಟೂಲುಗಳ ನಡುವೆ. ಶಾಯಿ ಒಣಗಿದೆ, ದಣಿದಿದ್ದೇನೆ. ಗುಜರಿಯವನು ಬಂದರೆ ಬೇಡವೆನ್ನುವುದಿಲ್ಲ. ಕಲ್ಮೇಶ ಇನ್ನೂ ನನ್ನನ್ನು ಬೈಯುತ್ತಿದ್ದರೆ ಬೈಯಲಿ, ನನಗದು ಹೊಸದಲ್ಲ. ತನ್ನನ್ನೂ ಬೈದುಕೊಳ್ಳುತ್ತಿರಬಹುದೇ ಎಂದು ನೆನೆದರೆ ಮಾತ್ರ ತಡೆಯಲಾಗುವುದಿಲ್ಲ. ನಿಮಗೆ ಎಲ್ಲಾದರೂ ಸಿಕ್ಕರೆ ದಯವಿಟ್ಟು ಹೇಳಿ: ನಿನ್ನ ಗೆರೆ ಸರಿಯಾಗಿತ್ತು.