ಬಾಗಿಲಿಗೆ ಬೇವು

ಅರವತ್ತೊಂದನೇ ಇಸವಿಯಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಚೌಡೇನಹಳ್ಳಿಯಷ್ಟು ರೇಷ್ಮೆಹುಳು ಸಾಕುವ ಊರು ಇಡೀ ಮೈಸೂರು ಸೀಮೆಯಲ್ಲೇ ಇಲ್ಲವೆಂದು ಮಲೇರಿಯಾ ಇಲಾಖೆ ನಂಬಿಕೊಂಡಿತ್ತು. ನಂಬದೆ ಏನು ಮಾಡೀತು? ಡಿ.ಡಿ.ಟಿ. ಹೊಡೆಯುವವರು ಪಂಪು ಹೊತ್ತು ಊರಿಗೆ ಬಂದಾಗಲೆಲ್ಲ ಒಂದನ್ನೂ ಬಿಡದಂತೆ ಎಲ್ಲ ಬಾಗಿಲಿಗೂ ಬೇವಿನ ಸೊಪ್ಪು ತೂಗುತ್ತಿತ್ತು. ಬೇವು ಕಟ್ಟಿದ ಮನೆಯೊಳಗೆ ಹುಳು ಮೇಯುತ್ತಿದೆ, ಹೊರಗಿನವರು ಹೊಸ್ತಿಲು ದಾಟಬಾರದು ಎಂಬುದು ಆ ಕಡೆ ಕೂಸಿಗೂ ಗೊತ್ತು. ಅದರಲ್ಲೂ ಡಿ.ಡಿ.ಟಿ.ಯ ಗಾಳಿ ಸೋಕಿದರೆ ಸೊಳ್ಳೆಗಿಂತ ಮುಂಚೆ ರೇಷ್ಮೆಹುಳುವೇ ಕಣ್ಣು ಮುಚ್ಚುತ್ತದೆ. ಪಂಪಿನವರು ಬೇವಿಗೆ ಮರ್ಯಾದೆ ಕೊಟ್ಟು, ಕೇರಿಯ ಗಂಗುಲಮ್ಮನ ಜಗಲಿಯಲ್ಲಿ ಒಂದು ಬೀಡಿ ಸೇದಿ, ಮುಂದಿನ ಊರಿಗೆ ಹೋಗಿಬಿಡುತ್ತಿದ್ದರು.

ನಿಜ ಹೇಳಬೇಕೆಂದರೆ ಅರ್ಧ ಮನೆಗಳಲ್ಲಿ ಹುಳು ಇರುತ್ತಿರಲಿಲ್ಲ, ಹುಳುಕು ಇರುತ್ತಿತ್ತು. ಒಬ್ಬರಿಗೆ ಸುಣ್ಣ ಬಳಿದ ಗೋಡೆ ಕೆಡುತ್ತದೆಂಬ ಚಿಂತೆ. ಇನ್ನೊಬ್ಬರಿಗೆ ಪಾತ್ರೆಪಗಡ, ರಾಗಿ ತುಂಬಿದ ಮಣ್ಣಿನ ವಾಡೆ ಎಲ್ಲ ಬೀದಿಗೆ ತಂದಿಡುವ ಬೇಸರ. ಬಾಯಿಬಿಟ್ಟು ಯಾರೂ ಹೇಳದ ಕಾರಣವೂ ಒಂದಿತ್ತು. ಮಲೇರಿಯಾ ಇನ್ಸ್‌ಪೆಕ್ಟರ್ ಮುನಿನಾರಾಯಣಪ್ಪ ಅಂಬಾಜಿದುರ್ಗದ ತಪ್ಪಲಿನ ಒಂದು ಕೇರಿಯಿಂದ ಓದಿ ಮೇಲೆ ಬಂದವನು. ಅವನು ಅಡುಗೆಮನೆಗೆ ಕಾಲಿಡುವುದನ್ನು ಬೇಡವೆನ್ನಲು ನಾಲಿಗೆ ಬರದವರಿಗೆಲ್ಲ ಬೇವಿನ ಸೊಪ್ಪೇ ನಾಲಿಗೆಯಾಗಿತ್ತು.

ಶ್ಯಾಮಲಮ್ಮನ ಬಾಗಿಲಲ್ಲೂ ಬೇವು ತೂಗುತ್ತಿತ್ತು. ಈ ಶ್ಯಾಮಲಮ್ಮ ಮುನಿಶಾಮಪ್ಪನ ಹೆಂಡತಿ, ಮೂರು ಎಕರೆ ಹಿಪ್ಪುನೇರಳೆ ತೋಟದ ಒಡತಿ. ಅವಳ ಗಂಟಲಲ್ಲಿ ಊರಿಗೆ ಊರೇ ವಾಸವಾಗಿತ್ತು. ಬಸ್ಸಿನ ಕಂಡಕ್ಟರು, ಗೂಡಿನ ಮಾರ್ಕೆಟ್ಟಿನ ದಲಾಳಿ, ಎಲೆಅಡಿಕೆ ತುಂಬಿಕೊಂಡು ಮಾತಾಡುವ ಅಮಲ್ದಾರರು, ಯಾರನ್ನು ಬೇಕಾದರೂ ಅವಳು ಗಂಟಲಿಂದ ಹೊರಗೆ ಕರೆದು ಕುಣಿಸಿ ಮತ್ತೆ ಒಳಗೆ ಕಳಿಸುತ್ತಿದ್ದಳು. ಹಿಂದಿನ ಸಲ ಪಂಪು ಬಂದಾಗ ಅವಳ ಮನೆಯಲ್ಲಿ ಹುಳುವೇ ಇರಲಿಲ್ಲ. ಗೂಡು ಮಾರಿ, ಹುಳು ಸಾಕುವ ಬಿದಿರಿನ ತಟ್ಟೆಗಳನ್ನು ತೊಳೆದು ಒಣಗಿಸಿಯಾಗಿತ್ತು. ಆದರೂ, ಒಂದು ಮನೆ ಬಿಟ್ಟರೆ ಏನಾಗುತ್ತೆ ಎಂದುಕೊಂಡು ಬೇವು ಕಟ್ಟಿದಳು. ಊರಿನ ಅಷ್ಟೂ ಮನೆಗಳು ಆ ಒಂದು ಮನೆಯೇ ಆಗಿಬಿಟ್ಟಿದ್ದವು.

ಈ ಸಲ ಶ್ರಾವಣದ ಹೊತ್ತಿಗೆ ಮಗಳು ವರಲಕ್ಷ್ಮಿ ಗೌರಿಬಿದನೂರಿನ ಅತ್ತೆಮನೆಯಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಬಂದ ಸ್ವಲ್ಪ ದಿನಕ್ಕೇ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ, ಮಧ್ಯಾಹ್ನ ಇಳಿಹೊತ್ತಿಗೆ ಸರಿಯಾಗಿ ಹಲ್ಲು ಕಟಕಟ ಎನ್ನುವ ನಡುಕ. ಮುನಿನಾರಾಯಣಪ್ಪ ಬಂದು ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು ಹೋದ, ಮಾತ್ರೆ ಕೊಟ್ಟ. ಜ್ವರ ಬಿಟ್ಟಿತು. ಊರೆಲ್ಲ ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಬಂತು. ಶಿಡ್ಲಘಟ್ಟದ ಡಾಕ್ಟರು, ಬಸುರಿಯನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಎಲ್ಲಿಗೂ ಕಳಿಸಬೇಡಿ, ಜ್ವರ ಹೀಗೇ ಮರುಕಳಿಸಿದರೆ ಮಗು ಉಳಿಯುವುದು ಕಷ್ಟ ಎಂದುಬಿಟ್ಟರು.

ಹುಳು ಸಾಕುವವರ ಮಾತಿನಲ್ಲಿ ಹುಳು ಮೇವು ಬಿಟ್ಟು ಪೊರೆ ಕಳಚಲು ಕೂರುವುದಕ್ಕೂ ಜ್ವರವೆಂದೇ ಹೆಸರು. ಶ್ಯಾಮಲಮ್ಮನ ಹುಳು ಆಗತಾನೆ ನಾಲ್ಕನೇ ಜ್ವರದಿಂದ ಎದ್ದು ಗಬಗಬ ಸೊಪ್ಪು ತಿನ್ನುತ್ತಿತ್ತು. ಹುಳುವಿನ ಜ್ವರಕ್ಕೆ ಲೆಕ್ಕವಿದೆ, ನಾಲ್ಕು ಮುಗಿದರೆ ಗೂಡು ಕಟ್ಟುತ್ತದೆ. ಮಗಳ ಜ್ವರಕ್ಕೆ ಲೆಕ್ಕವಿರಲಿಲ್ಲ.

"ಏನಪ್ಪಾ ಮುನಿನಾರಾಯಣಪ್ಪ," ಎಂದಳು ಶ್ಯಾಮಲಮ್ಮ, ಅವನು ಜಗಲಿಯ ಹತ್ತಿರ ಸೈಕಲ್ ನಿಲ್ಲಿಸಿದಾಗ. "ನಿನ್ ಮಾತ್ರೆ ಕಹಿ ಇತ್ತೇ ವಿನಾ ಕೆಲಸ ಮಾಡ್ಲಿಲ್ವಲ್ಲ."

"ಮಾಡ್ತಮ್ಮ. ರಕ್ತದಲ್ಲಿರೋದನ್ನ ಸಾಯಿಸ್ತು. ಗೋಡೆ ಮೇಲೆ ಕೂತಿರೋ ಸೊಳ್ಳೇನ ಮಾತ್ರೆ ಹೆಂಗೆ ಸಾಯಿಸುತ್ತೆ?"

"ಹಂಗಾದ್ರೆ ನಮ್ ಮನೇಗೆ ಇವತ್ತೇ ಹೊಡಿ. ಹುಳ ಹೋದ್ರೆ ಹೋಗ್ಲಿ."

"ನಿಮ್ಮದೊಂದಕ್ಕೆ ಹೊಡೆದ್ರೆ ಸೊಳ್ಳೆ ಪಕ್ಕದ್ಮನೆ ಬಯ್ಯಪ್ಪನೋರ ಗೋಡೆ ಮೇಲೆ ಕೂತು ಸುಧಾರಿಸ್ಕೊಂಡು ಸಂಜೆ ಇಲ್ಲಿಗೇ ಬರುತ್ತೆ. ಊರಿಗೂರೇ ಬಾಗಿಲು ತೆಗೀಬೇಕಮ್ಮ. ಗುರುವಾರ ಪಂಪು ಬರ್ತವೆ. ಆವತ್ತೂ ಬೇವು ಕಟ್ಟಿದ್ರೆ ಶುಕ್ರವಾರ ಚಿಂತಾಮಣಿ ಕಡೆ ಹೊರಟೋಗ್ತೀವಿ. ಇನ್ನು ಬರೋದು ಮುಂದಿನ ಸುತ್ತಿಗೇ."

"ಅಷ್ಟೊತ್ತಿಗೆ ಬಾಣಂತನ ಮುಗಿದಿರುತ್ತಲ್ಲಪ್ಪ."

"ನೆಟ್ಟಗೆ ಮುಗೀಲಿ ಅಂತಲೇ ಹೇಳ್ತಿರೋದು."

ತೊಡಕು ಇದ್ದದ್ದು ಇಲ್ಲಿ: ಈ ಸಲ ಸುಮಾರು ಮನೆಗಳಲ್ಲಿ ನಿಜವಾಗಿಯೂ ಹುಳು ಇತ್ತು. ಗೋಡೆಗೆ ಒಮ್ಮೆ ಔಷಧಿ ಬಿದ್ದರೆ ತಿಂಗಳುಗಟ್ಟಲೆ ಅದರ ಕಸುವು ಹೋಗುವುದಿಲ್ಲ. ಹಾಗಾಗಿ ಒಂದು ದಿನದ ಮಟ್ಟಿಗೆ ಹುಳು ಆಚೆ ಇಟ್ಟರೆ ಸಾಲದು, ಗೂಡು ಕಟ್ಟುವವರೆಗೂ ಬೇರೆ ಕಡೆ ಸಾಕಬೇಕು. ಅಷ್ಟು ದೊಡ್ಡ ಸೂರು ಊರಲ್ಲಿ ಒಂದೇ, ಊರ ಯಜಮಾನ ರಾಮಾಂಜಿನಪ್ಪನ ಆಲೆಮನೆ. ಊರಾಚೆಯ ಕಬ್ಬಿನ ಗದ್ದೆಯ ಪಕ್ಕ, ಬೆಲ್ಲದ ಕಾಲ ಬರುವವರೆಗೆ ಖಾಲಿ.

ಸಂಜೆ ಅರಳಿಕಟ್ಟೆಯಲ್ಲಿ ಜನ ಸೇರಿದರು. ಶ್ಯಾಮಲಮ್ಮ ಆಲೆಮನೆಯ ಮಾತೆತ್ತಿದ್ದೇ ತಡ, ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಬೆಲ್ಲದ ವಾಸನೆಗೆ ಇರುವೆ ಬರುತ್ತವೆ ಎಂದರು. ಸೊಪ್ಪು ಯಾರದು ಯಾರಿಗೆ ಸೇರಿತು ಎಂದು ಜಗಳವಾಗುತ್ತದೆ ಎಂದರು. ಗಂಗುಲಮ್ಮನ ತಟ್ಟೆ ನಮ್ಮ ತಟ್ಟೆ ಒಂದೇ ಸೂರಿನಡಿಯೇ ಎಂದು ಹಿಂದಿನಿಂದ ಯಾರೋ ಗೊಣಗಿದರು. ಕೇರಿಯ ಗಂಗುಲಮ್ಮ ಕಟ್ಟೆಯಿಂದ ಸ್ವಲ್ಪ ದೂರದಲ್ಲಿ ನಿಂತು, "ಹುಳಕ್ಕೆ ಸೊಪ್ಪು ಗೊತ್ತು ತಲ್ಲಿ, ಕುಲ ಎಲ್ಲಿ ಗೊತ್ತು?" ಎಂದಳು. ಶ್ಯಾಮಲಮ್ಮನನ್ನು ಅವಳು ತೆಲುಗಿನಲ್ಲಿ ತಾಯಿ ಎಂದೇ ಕರೆಯುತ್ತಿದ್ದಳು. ಬಯ್ಯಪ್ಪ ಎದ್ದು ನಿಂತು, "ಮಲೇರಿಯಾ ಅಂತೀರಲ್ಲ, ಅದು ನಮ್ಮ ಏರಿಯಾದ್ದೇ ಅಲ್ಲ ಕಣ್ರಪ್ಪ," ಎಂದು ತೀರ್ಪು ಕೊಟ್ಟ.

ಶ್ಯಾಮಲಮ್ಮ ವಾದಕ್ಕೆ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಎದೆ ಮುಂದೆ ಮಾಡಿ, ಮುನಿನಾರಾಯಣಪ್ಪನ ದನಿಯಲ್ಲಿ ಕೇಳಿದಳು: "ಯಜಮಾನ್ರೇ, ಒಳಗೆ ಹುಳ ಐತಾ?"

ತಕ್ಷಣ ಬಯ್ಯಪ್ಪನ ಮೂಗಿನ ದನಿ ಬಂತು: "ಐತೆ ಸಾರ್, ಐತೆ! ನಾಕನೇ ಜ್ವರ ಸಾರ್! ನಾವೇ ಮೂಗು ಮುಚ್ಕೊಂಡು ಉಸಿರಾಡ್ತಾ ಇದ್ದೀವಿ ಸಾರ್!" ಬಯ್ಯಪ್ಪನ ಮನೆಯಲ್ಲಿ ಹುಳು ಸಾಕಿದ್ದು ಅವರಪ್ಪನ ಕಾಲಕ್ಕೇ ಕೊನೆ. ಕಟ್ಟೆಯ ಮೇಲೆ ನಗು ಸಿಡಿಯಿತು.

ಆಮೇಲೆ ಕೆಮ್ಮು, ಗಂಟಲು ಸರಿಮಾಡಿಕೊಳ್ಳುವುದು, ರಾಮಾಂಜಿನಪ್ಪ: "ಹ್ಹಂ. ನಮ್ಮನೇಲಿ ಸೊಳ್ಳೆ ಇಲ್ಲ. ಇದ್ರೂ ನಮ್ಮನ್ನ ಕೇಳ್ದೆ ಕಚ್ಚಲ್ಲ." ರಾಮಾಂಜಿನಪ್ಪ ಮೀಸೆಯೊಳಗೇ ನಕ್ಕ.

ಕೊನೆಯದಾಗಿ ಅವಳು ತಲೆ ಒಂದು ಕಡೆ ವಾಲಿಸಿ, ಬಾಗಿಲ ಸಂದಿಯಿಂದ ಇಣುಕುವವಳಂತೆ, ಸಕ್ಕರೆ ಹಾಕಿದಂಥ ದನಿ ತೆಗೆದಳು: "ಹುಳ ಐತೆ ಕಣಪ್ಪಾ, ಮುಂದಿನ ಸಾರಿ ಬಾ." ಇದು ಯಾರ ದನಿ ಎಂದು ಜನ ಒಂದು ಗಳಿಗೆ ತಡಕಾಡಿದರು. ಅದು ಅವಳದ್ದೇ.

"ಆವತ್ತು ನಮ್ ಮನೇಲಿ ಹುಳ ಇರ್ಲಿಲ್ಲ," ಎಂದಳು ಶ್ಯಾಮಲಮ್ಮ. "ಗೂಡು ಮಾರಾಗಿತ್ತು. ಪಾತ್ರೆ ಆಚೆ ಇಡೋಕೆ ಬೇಜಾರು ಅಂತ ಬೇವು ಕಟ್ದೆ. ಇವತ್ತು ನನ್ ಮಗಳು ಇದ್ದಬದ್ದ ಕಂಬಳಿ ಹೊದ್ದು ನಡುಗ್ತಾವ್ಳೆ. ಯಾರನ್ನ ಬಯ್ಯಲಪ್ಪ? ಸರ್ಕಾರಾನಾ?"

ನಗು ಎಲ್ಲಿತ್ತೋ ಅಲ್ಲೇ ಕೂತುಬಿಟ್ಟಿತು. ಗಂಗುಲಮ್ಮ ತನ್ನ ಮೊಮ್ಮಗನಿಗೂ ನಿನ್ನೆಯಿಂದ ನಡುಕ ಎಂದಳು. ಇನ್ನೂ ಇಬ್ಬರು ಮೂವರು ತಮ್ಮ ಮನೆಯ ಕಂಬಳಿಗಳ ಸುದ್ದಿ ಹೇಳಿದರು. ರಾಮಾಂಜಿನಪ್ಪ ಈ ಸಲ ನಿಜವಾಗಿಯೇ ಕೆಮ್ಮಿದ.

"ಆಲೆಮನೆ ಕೊಡ್ತೀನಿ. ಆದ್ರೆ ಒಂದ್ ಮಾತು. ಯಾರದೇ ತಟ್ಟೇಲಿ ಹಾಲುರೋಗ ಕಂಡ್ರೆ ಅವತ್ತೇ ಬೀಗ. ಊರಿನ ಹುಳವೆಲ್ಲ ಒಂದೇ ಕಡೆ ಸತ್ರೆ ಯಾರಪ್ಪಾ ಹೊಣೆ?"

ಮಾತು ನ್ಯಾಯವಾಗಿತ್ತು. ಹಾಲುರೋಗದ ಹುಳು ಊದಿಕೊಂಡು, ಚುಚ್ಚಿದರೆ ಹಾಲಿನಂಥ ನೀರು ಸುರಿಸಿ, ಪಕ್ಕದ ಹುಳುವಿಗೂ ಅದನ್ನೇ ಹಂಚಿ ಸಾಯುತ್ತದೆ. ಎಲ್ಲರೂ ಒಪ್ಪಿದರು.

ಗುರುವಾರ ಬೆಳಿಗ್ಗೆ ಸೊಪ್ಪು ಹಾಕಲು ಹೋದ ಶ್ಯಾಮಲಮ್ಮನ ಕೈ ಒಂದು ತಟ್ಟೆಯ ಮೇಲೆ ನಿಂತುಹೋಯಿತು. ಎಲ್ಲ ಹುಳುಗಳೂ ತಲೆ ಬಗ್ಗಿಸಿ ಮೇಯುತ್ತಿದ್ದರೆ ಕೆಲವು ಮಾತ್ರ ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಓಡಾಡುತ್ತಿದ್ದವು. ಮೈ ಹಳದಿಗೆ ತಿರುಗಿ ಮಿರಮಿರ ಹೊಳೆಯುತ್ತಿತ್ತು. ಒಂದನ್ನು ಕಡ್ಡಿಯಿಂದ ಚುಚ್ಚಿದಳು. ಹಾಲು.

ಮುನಿಶಾಮಪ್ಪ ಹಿಂದಿನಿಂದ ಬಗ್ಗಿ ನೋಡಿದ. ದನಿ ತಗ್ಗಿಸಿ, "ಅವಿಷ್ಟನ್ನ ಆರಿಸಿ ಬೂದಿಗೆ ಹಾಕು. ಮಿಕ್ಕಿದ್ದು ಚೆನ್ನಾಗೈತಲ್ಲ. ಒಂದ್ ತಟ್ಟೆ, ಯಾರಿಗೆ ಗೊತ್ತಾಗುತ್ತೆ?" ಎಂದ.

ಒಳಗಿನ ಕೋಣೆಯಲ್ಲಿ ವರಲಕ್ಷ್ಮಿ ನರಳಿ ಮಗ್ಗುಲು ಬದಲಿಸಿದಳು. ಶ್ಯಾಮಲಮ್ಮನಿಗೆ ಎರಡೂ ಕಡೆ ಕಂದಕ ಕಂಡಿತು. ಹೇಳಿದರೆ ಆಲೆಮನೆಗೆ ಬೀಗ, ಊರಿಗೆಲ್ಲ ಮತ್ತೆ ಬೇವು, ಪಂಪು ಚಿಂತಾಮಣಿಗೆ. ಹೇಳದಿದ್ದರೆ ಮಗಳು ಬದುಕುತ್ತಾಳೆ, ಆದರೆ ನಂಬಿ ಒಂದೇ ಸೂರಿನಡಿ ತಂದಿಟ್ಟವರ ಹುಳುವೆಲ್ಲ ಹಾಲಾಗಿ ಹರಿಯುತ್ತದೆ. ಗಂಡನ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಆಡಿ ನೋಡಿದಳು. ಒಂದು ಮನೆ, ಒಂದು ತಟ್ಟೆ. ಅದೇ ರಾಗ.

"ಗುದ್ದಲಿ ತಗೊಳ್ಳಿ," ಎಂದಳು.

"ಯಾಕೆ?"

"ಒಂದಲ್ಲ, ಎಲ್ಲಾ ತಟ್ಟೇನೂ ಹೂಳಣ. ಹಿತ್ತಲಲ್ಲಿ ಬೇಡ. ದಾರೀಲಿ, ಎಲ್ರಿಗೂ ಕಾಣೋ ಹಂಗೆ."

ಆಲೆಮನೆಯ ದಾರಿಯ ಬದಿಯಲ್ಲಿ ಗುಂಡಿ ಬಿತ್ತು. ತಟ್ಟೆ ಹೊತ್ತು ಹೊರಟವರೆಲ್ಲ ಅಲ್ಲೇ ನಿಂತರು. ಶ್ಯಾಮಲಮ್ಮ ಒಂದೊಂದೇ ತಟ್ಟೆಯನ್ನು ಗುಂಡಿಗೆ ಕೊಡವಿದಳು. ರಾತ್ರಿಯೆಲ್ಲ ಎದ್ದೆದ್ದು ಮೇವು ಹಾಕಿ ಬೆರಳುದ್ದ ಬೆಳೆಸಿದ ಹುಳುಗಳು, ಬಾಯಲ್ಲಿ ಇನ್ನೂ ಸೊಪ್ಪು. ಮೇಲೆ ಸುಣ್ಣ ಎರಚುವಾಗ ಅವಳು ಮುಖ ತಿರುಗಿಸಿಕೊಂಡಳು.

ಆಲೆಮನೆಯ ಬೀಗದ ಕೈ ಹಿಡಿದು ರಾಮಾಂಜಿನಪ್ಪ ಬಂದ. "ಏನಮ್ಮಾ ಇದು?"

"ಹಾಲು ಬಂದೈತೆ ಅಣ್ಣ. ಒಂದೇ ತಟ್ಟೇಲಿ. ನಮ್ಮದೊಂದೂ ಆಲೆಮನೆಗೆ ಬರಲ್ಲ. ಮಿಕ್ಕಿದೋರ ಹುಳ ಬೆಳಕಲ್ಲಿ ನೋಡಿ ಒಳಗೆ ಬಿಡು. ಬೀಗ ಮಾತ್ರ ಹಾಕ್ಬೇಡ. ನನ್ ಮಗಳ ತಲೆ ಮೇಲೆ ಹಾಕಿದ ಹಂಗೆ."

ರಾಮಾಂಜಿನಪ್ಪ ಗುಂಡಿ ನೋಡಿದ, ಅವಳನ್ನು ನೋಡಿದ, ತಿರುಗಿ ಊರ ಕಡೆ ನಡೆದ. ಬೀಗದ ಕೈ ಅವನ ಜೊತೆಗೇ ಹೋಯಿತು. ಎಲ್ಲ ಮುಗಿಯಿತು ಎಂದು ಶ್ಯಾಮಲಮ್ಮ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದಳು. ಮುನಿಶಾಮಪ್ಪ ಗುದ್ದಲಿಯ ಮೇಲೆ ಗಲ್ಲ ಊರಿ ನಿಂತ.

ಅಷ್ಟರಲ್ಲಿ ರಾಮಾಂಜಿನಪ್ಪ ವಾಪಸ್ ಬರುವುದು ಕಂಡಿತು. ತಲೆಯ ಮೇಲೆ ಒಂದರ ಮೇಲೊಂದು ಎರಡು ತಟ್ಟೆ. ಊರಿನ ಯಜಮಾನ ತಲೆಯ ಮೇಲೆ ತಟ್ಟೆ ಹೊತ್ತದ್ದನ್ನು ಅಲ್ಲಿದ್ದವರು ಯಾರೂ ನೋಡಿರಲಿಲ್ಲ. ಸೀದಾ ಬಂದು ಎರಡನ್ನೂ ಗುಂಡಿಗೆ ಸುರಿದ.

"ನಮ್ಮದ್ರಲ್ಲೂ ಹಾಲು ಮೊನ್ನೇನೇ ಕಂಡಿತ್ತು," ಎಂದ, ಯಾರ ಮುಖವನ್ನೂ ನೋಡದೆ. "ಬೇರೆಯವರದ್ದು ಬಂದು ಸೇರಿದ್ಮೇಲೆ ಅವರ ಮೇಲೆ ಹೇಳಣ ಅಂತಿದ್ದೆ. ಸುಣ್ಣ ಇನ್ನಷ್ಟು ಹಾಕಪ್ಪ ಮುನಿಶಾಮಿ."

ಆಮೇಲೆ ನಾಚಿಕೆ ಯಾರಿಗೂ ಉಳಿಯಲಿಲ್ಲ. ಆಲೆಮನೆಯ ಬಾಗಿಲಲ್ಲಿ ಒಬ್ಬರ ತಟ್ಟೆಯನ್ನು ಇನ್ನೊಬ್ಬರು ಬಿಸಿಲಿಗೆ ಹಿಡಿದು ನೋಡಿದರು. ಅನುಮಾನ ಬಂದದ್ದು ಗುಂಡಿಗೆ, ಚೆನ್ನಾಗಿದ್ದದ್ದು ಒಳಗೆ. ಗಂಗುಲಮ್ಮನ ತಟ್ಟೆಗಳನ್ನು ರಾಮಾಂಜಿನಪ್ಪನೇ ಎತ್ತಿ ಬೆಳಕಿಗೆ ಹಿಡಿದ. ಒಂದರಲ್ಲೂ ರೋಗದ ಹುಳು ಇರಲಿಲ್ಲ. ಇರುವೆ ಬಾರದಂತೆ ತಟ್ಟೆ ಜೋಡಿಸುವ ಕಂಬಗಳ ಕಾಲಿಗೆಲ್ಲ ನೀರಿನ ಬಟ್ಟಲು ಇಟ್ಟರು. ಎಲ್ಲರ ಕೊನೆಗೆ ಬಯ್ಯಪ್ಪ ಬಿಳಿ ಪಂಚೆ ಮುಚ್ಚಿದ ತಟ್ಟೆಯನ್ನು ಬಹಳ ನಾಜೂಕಾಗಿ ಹಿಡಿದು ಬಂದ.

"ಬಟ್ಟೆ ತೆಗಿ ಬಯ್ಯಪ್ಪ," ಎಂದಳು ಗಂಗುಲಮ್ಮ.

"ಬೇಡ, ಗಾಳಿ ತಾಕುತ್ತೆ."

ಗಂಗುಲಮ್ಮ ತಾನೇ ಎತ್ತಿದಳು. ತಟ್ಟೆಯಲ್ಲಿ ಒಂದಿಷ್ಟು ಸೊಪ್ಪು, ಅದರ ಮೇಲೆ ಏನೂ ಇಲ್ಲ.

"ಈಗಿನ್ನೂ ಇಲ್ಲೇ ಇದ್ವು!" ಎಂದ ಬಯ್ಯಪ್ಪ. ಶ್ಯಾಮಲಮ್ಮನಿಗೆ ಆ ದಿನದ ಮೊದಲ ನಗು ಬಂದದ್ದು ಆಗ. ಶಿಕ್ಷೆಯಾಗಿ ಬಟ್ಟಲುಗಳಿಗೆ ನೀರು ತುಂಬುವ ಕೆಲಸ ಅವನಿಗೇ ಬಿತ್ತು.

ಪಂಪಿನವರು ಬರುವ ಹೊತ್ತಿಗೆ ಊರಿನ ಪಾತ್ರೆ, ವಾಡೆ, ತೊಟ್ಟಿಲು, ಹಾಸಿಗೆ ಎಲ್ಲ ಬೀದಿಯಲ್ಲಿದ್ದವು. ಮುನಿನಾರಾಯಣಪ್ಪ ತೆರೆದ ಬಾಗಿಲುಗಳ ಸಾಲು ನೋಡಿ, ತಪ್ಪಿ ಬೇರೆ ಊರಿಗೆ ಬಂದೆನೇನೋ ಎಂಬಂತೆ ಸೈಕಲ್ ಇಳಿದ. ಗೋಡೆಗೆ ಔಷಧಿ ಬಿದ್ದದ್ದೇ ತಡ ಸಂದಿಗೊಂದಿಯಿಂದ ತಿಗಣೆಗಳು ಉದುರತೊಡಗಿದವು. ರಾಮಾಂಜಿನಪ್ಪನ ಹೆಂಡತಿ ಅಮ್ಮಾಜಮ್ಮ, ಮುನಿನಾರಾಯಣಪ್ಪನನ್ನು ಜಗಲಿ ಹತ್ತಗೊಡದಿದ್ದವಳು, ಈಗ ತಾನೇ ಮುಂದೆ ಮುಂದೆ ಹೋಗಿ ಕರೆದಳು: "ಅಡುಗೆಮನೆ ಬಿಟ್ಟೆಯಲ್ಲಪ್ಪ! ಒಳಗ್ ಬಾ. ದೇವರ ಗೂಡಿನ ಹಿಂದೂ ಹೊಡಿ, ತಿಗಣೆ ಮನೆತನ ಎಲ್ಲಾ ಅಲ್ಲೇ ಇರೋದು."

ವರಲಕ್ಷ್ಮಿಗೆ ಮತ್ತೆ ಮಾತ್ರೆ ಶುರುವಾಯಿತು. ಜ್ವರ ಬಿಟ್ಟಿತು. ಆದರೆ ಹಿಂದಿನ ಸಲವೂ ಬಿಟ್ಟಿತ್ತಲ್ಲ. ಹೋದ ಸಲ ಯಾವ ಹೊತ್ತಿಗೆ ಮರಳಿ ಬಂದಿತ್ತೋ ಆ ದಿನಗಳು ಹತ್ತಿರವಾದಂತೆ ಶ್ಯಾಮಲಮ್ಮನಿಗೆ ಅನ್ನ ಇಳಿಯಲಿಲ್ಲ. ಕೊನೆಗೆ ಆ ದಿನವೂ ಬಂತು. ಮಧ್ಯಾಹ್ನ ಹುರುಳಿಯ ಮೊರ ತೊಡೆಯ ಮೇಲಿಟ್ಟುಕೊಂಡು ಮಗಳ ಎದುರಿಗೇ ಕೂತಳು. ಪಕ್ಕದಲ್ಲಿ ಮಡಿಸಿಟ್ಟ ಕಂಬಳಿ. ಗೋಡೆಯ ಮೇಲೆ ಔಷಧಿಯ ಬಿಳಿ ಚುಕ್ಕೆ. ಕಲ್ಲು ಯಾವುದು ಕಾಳು ಯಾವುದು ಅವಳಿಗೆ ಕಾಣುತ್ತಿರಲಿಲ್ಲ.

"ಯಾಕಮ್ಮ ಹಂಗೆ ನೋಡ್ತಾ ಇದ್ದೀಯ?"

"ಏನಿಲ್ಲ ಕಣೇ. ಚಳಿ ಆಗ್ತೈತಾ?"

"ಸೆಖೆ. ಆ ಕಂಬಳಿ ಅತ್ಲಾಗೆ ಇಡು, ನೋಡಿದ್ರೇನೇ ಬೆವರು ಬರುತ್ತೆ."

ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಅಂಗಳದಿಂದ ಬೀದಿಗೆ ಹೋಯಿತು. ಚಿಕ್ಕಬಳ್ಳಾಪುರದ ಬಸ್ಸು ದೂರದಲ್ಲಿ ಹಾರನ್ ಹೊಡೆದು ದಾಟಿತು. ನಡುಕ ಬರುವ ಹೊತ್ತು ಬಂತು, ನಡುಕ ಬರಲಿಲ್ಲ. ಶ್ಯಾಮಲಮ್ಮ ಎದ್ದು ಮಗಳ ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು, ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಒಳಗಿನಿಂದ ಯಾರೋ ಅಂಗೈಗೆ ಸರಿಯಾಗಿ ಒದ್ದರು.

"ನಿಂಗೂ ಒದೀತಾ?" ಎಂದು ವರಲಕ್ಷ್ಮಿ ನಕ್ಕಳು. "ಅಮ್ಮ, ಹೊಟ್ಟೆ ಹಸೀತೈತೆ. ಬಸ್ಸಾರು ಮಿಕ್ಕೈತಾ?"

ಮಗಳು ಮುದ್ದೆ ಮುರಿಯುವುದನ್ನು ನೋಡಿದ ಮೇಲೆಯೇ ಅವಳು ಹೊರಗೆ ಬಂದದ್ದು. ತೋಟದಲ್ಲಿ ತಿನ್ನುವವರಿಲ್ಲದ ಸೊಪ್ಪು ಸೊಂಪಾಗಿ ನಿಂತಿತ್ತು. ಒಂದು ಕುಕ್ಕೆ ತುಂಬ ಕೊಯ್ದು ಆಲೆಮನೆಗೆ ಹೊರಟಳು. ಅಲ್ಲಿ ಗಂಗುಲಮ್ಮ ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಿದ್ದಳು. ಉಳಿದವು ಇನ್ನೂ ಮೇಯುತ್ತಿದ್ದವು. ಬಯ್ಯಪ್ಪ ಬಟ್ಟಲಿಗೆ ನೀರು ಸುರಿಯುತ್ತ ಇರುವೆಗಳಿಗೆ ಬೈಯುತ್ತಿದ್ದ.

ಗಂಗುಲಮ್ಮ ಕುಕ್ಕೆಗೆ ಕೈ ಚಾಚಿ, ಕೇಳಲು ಹೆದರುವವಳಂತೆ ಕೇಳಿದಳು: "ಹೆಂಗವ್ಳೆ ತಲ್ಲಿ?"

"ಎರಡನೇ ಮುದ್ದೆ ಕೇಳಿದ್ಳು," ಎಂದಳು ಶ್ಯಾಮಲಮ್ಮ, ಮತ್ತು ಯಾರದೆಂದು ನೋಡದೆ ಎದುರಿಗಿದ್ದ ತಟ್ಟೆಗೆ ಸೊಪ್ಪು ಹರಡತೊಡಗಿದಳು.