ಕದಿರಿಗೊಂದು ತೊಟ್ಟಿ

ನಾಲ್ಕನೆಯ ಸಾಲು ಮುಗಿಯುವಷ್ಟರಲ್ಲಿ ವಿನುತಾಳ ಸೊಂಟ ಹಿಡಿದುಕೊಂಡಿತು. ಎಡಗೈಯ ಕಟ್ಟಿನಿಂದ ಮೂರು ಮೂರು ಸಸಿ ಬಿಡಿಸಿ ಕೆಸರಿಗೆ ಒತ್ತುತ್ತ ಅವಳು ಹಿಂದಕ್ಕೆ ಸರಿಯುತ್ತಿದ್ದಳು. ಜೊತೆಗೆ ನಾಟಿ ಮಾಡುತ್ತಿದ್ದ ಕೆಲಸದ ಚಿನ್ನಿ ಆಗಲೇ ಆರನೆಯ ಸಾಲಿನಲ್ಲಿದ್ದಳು.

ನಾಟಿ ಎಂದರೂ ಐದೇ ಸೆಂಟು. ಎರಡು ಎಕರೆ ಗದ್ದೆಯಲ್ಲಿ ಉಳಿದದ್ದೆಲ್ಲ ಏಳು ವರ್ಷದಿಂದ ಪಾಳು. ಸುಗ್ಗಿ ಹಬ್ಬವಾದ ಹುತ್ತರಿಯ ದಿನ ಕದಿರು ಕುಯ್ಯಲು ಸ್ವಂತ ಗದ್ದೆಯ ಭತ್ತವೇ ಬೇಕೆಂದು ಮನೆಯವರು ಈ ಒಂದು ಮೂಲೆ ಮಾತ್ರ ಬೆಳೆಯುತ್ತಿದ್ದರು. ಮೂರ್ನಾಡಿನ ಸುತ್ತ ಈಗ ಎಷ್ಟೋ ಮನೆಗಳಲ್ಲಿ ಹೀಗೆಯೇ.

ಮೈದುನ ಗಿರಿ ಶೂ ಹಾಕಿಕೊಂಡು ಬದುವಿನ ಮೇಲೆ ಬಂದು ನಿಂತ. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕಾಗದ.

"ಅತ್ತಿಗೆ, ಕೈ ತೊಳ್ಕೊಂಡು ಬನ್ನಿ. ಒಂದು ಸೈನ್ ಬೇಕಿತ್ತು."

"ಎಂತಕ್ಕೆ?"

"ಕನ್ವರ್ಷನ್‌ಗೆ. ಗದ್ದೆ ತುಂಬ್ಸಿ ಕಾಟೇಜ್ ಮಾಡುದು ಅಂತ ಹೇಳಿದ್ದೆ ಅಲ್ವಾ? ಮೇಲಿನ ಗುಡ್ಡದ ಬರೆ ಅಗೆದು ಆ ಮಣ್ಣು ಇಲ್ಲಿಗೇ ಹಾಕುದು."

ಹೇಳಿದ್ದು ಅವಳಿಗಲ್ಲ. ಜಗಲಿಯಲ್ಲಿ ಕೂತು ಇಂಜಿನಿಯರಿಗೆ ಹೇಳಿದ್ದ; ಕಾಫಿ ಕೊಡಲು ಬಂದ ಅವಳ ಕಿವಿಗೆ ಬಿದ್ದಿತ್ತು, ಅಷ್ಟೇ. ಗಂಡ ತೀರಿಕೊಂಡ ಮೇಲೆ ಪಹಣಿಯಲ್ಲಿ ಅವಳ ಹೆಸರು ಸೇರಿದ್ದರಿಂದ ಈಗ ಅವಳ ಸಹಿ ಬೇಕಾಗಿದೆ. ಇಪ್ಪತ್ತೆಂಟು ವರ್ಷದಲ್ಲಿ ಈ ಮನೆಯಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಈಗಲೂ ಕೇಳುತ್ತಿರಲಿಲ್ಲ.

"ಬಾವಿಯ ಕಥೆ ಎಂತ? ಪಕ್ಕದ ಮನೆ ಅಪ್ಪಯ್ಯನವ್ರು ಗದ್ದೆ ತುಂಬ್ಸಿದ ಮೇಲೆ ಅವ್ರ ಬಾವಿ ಫೆಬ್ರವರಿಗೇ ಒಣಗ್ತದೆ. ಟ್ಯಾಂಕರ್ ತರಿಸ್ತಾರೆ."

"ಬೋರ್ ತೆಗೀವ ಅತ್ತಿಗೆ. ಈಗ ಯಾರು ಬಾವಿ ನಂಬ್ಕೊಂಡು ಕೂತಿದ್ದಾರೆ?"

ಚಿನ್ನಿ ತಲೆ ಎತ್ತದೆಯೇ ಹೇಳಿದಳು: "ಸಾವ್ಕಾರ್ರೇ, ಕಾರಿಗೆಲ್ಲ ಜಾಗ ಮಾಡ್ತೀರಲ್ಲ, ಮಳೆ ನೀರಿಗೆ ಪಾರ್ಕಿಂಗ್ ಎಲ್ಲಿ?"

"ನೀನು ನಾಟಿ ಮಾಡು ಚಿನ್ನಿ."

"ಮಾಡ್ತಾನೇ ಇದ್ದೇನೆ. ನನ್ನ ಮನೆ ಕೆಳಗೆ ತೋಡಿನ ಬದಿಯಲ್ಲಿ, ಅದಕ್ಕೆ ಕೇಳಿದೆ."

ಆ ದೊಡ್ಡ ಮಳೆಯ ವರ್ಷ ವಿನುತಾಳಿಗೆ ನೆನಪಿತ್ತು. ಗುಡ್ಡದ ನೀರೆಲ್ಲ ಇಳಿದು ಬಂದು ಈ ಗದ್ದೆಯಲ್ಲಿ ಮೂರು ದಿನ ಕೆರೆಯ ಹಾಗೆ ನಿಂತಿತ್ತು. ನಿಂತು, ಮೆಲ್ಲಗೆ ತೋಡಿಗೆ ಹರಿದಿತ್ತು. ಚಿನ್ನಿಯ ಮನೆಯ ಮೆಟ್ಟಿಲು ಮುಟ್ಟಿತ್ತೇ ಹೊರತು ಒಳಗೆ ಹೋಗಿರಲಿಲ್ಲ.

"ಹುತ್ತರಿಗೆ ಕದಿರು?" ಎಂದಳು. ಅದಕ್ಕಾದರೂ ಅವನು ಅಳುಕಬಹುದು ಎನಿಸಿತ್ತು.

ಗಿರಿ ನಕ್ಕ. "ಅದೂ ಪ್ಲಾನಲ್ಲಿ ಉಂಟು. ಪಾರ್ಕಿಂಗ್ ಪಕ್ಕ ಒಂದು ಸಿಮೆಂಟ್ ತೊಟ್ಟಿ, ಅದ್ರಲ್ಲಿ ಭತ್ತ. ನಮ್ಮ ಶಾಸ್ತ್ರವೂ ಆಯ್ತು, ಗೆಸ್ಟ್‌ಗಳಿಗೆ ನೋಡ್ಲಿಕ್ಕೂ ಆಯ್ತು."

ತೊಟ್ಟಿ! ಬೇಸಗೆಯಲ್ಲೂ ಕಾಲಿಟ್ಟರೆ ತಂಪಾಗುವ ಈ ನೆಲವನ್ನು ಹೂತು, ಅದರ ಮೇಲೊಂದು ಸಿಮೆಂಟಿನ ತೊಟ್ಟಿ ಇಟ್ಟು, ನಾಲ್ಕು ತೆನೆ ಕುಯ್ದು, ಬೆಳೆ ಹೆಚ್ಚಲಿ ಎಂದು 'ಪೊಲಿ ಪೊಲಿ' ಕೂಗುವುದು. ಯಾರ ಎದುರು ಈ ನಾಟಕ? ವಿನುತಾ ಇನ್ನೂ ಮೂರು ಸಸಿ ಬಿಡಿಸಿ ಕೆಸರಿಗೆ ಒತ್ತಿದಳು.

"ಕೈಯೆಲ್ಲ ಕೆಸರು. ಜಗಲಿಯಲ್ಲಿ ಇಟ್ಟು ಹೋಗು," ಎಂದಳು.

"ಸೋಮವಾರ ಕೊಡ್ಬೇಕು, ಮರೀಬೇಡಿ."

ಮಧ್ಯಾಹ್ನ ಊಟವಾದ ಮೇಲೆ ಕಾಗದ ಬಿಡಿಸಿದಳು. ಸಹಿ ಹಾಕಬೇಕಾದ ಕಡೆ ಅವನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ, ಓದು ಬಾರದವರಿಗೆ ಹಾಕುವ ಹಾಗೆ. ಅವಳು ಮೇಲಿನಿಂದ ಓದಿದಳು. 'ಸದರಿ ಜಮೀನು ಏಳು ವರ್ಷಗಳಿಂದ ಸಾಗುವಳಿಯಿಲ್ಲದೆ ನಿರುಪಯುಕ್ತವಾಗಿದ್ದು, ಪರಿವರ್ತನೆಗೆ ನನ್ನ ಆಕ್ಷೇಪಣೆ ಇರುವುದಿಲ್ಲ.'

ನಿರುಪಯುಕ್ತ. ಆಳು ಸಿಗುವುದಿಲ್ಲ ಎಂದು ಉಳುವುದು ಬಿಟ್ಟವರು ನಾವು. ಬಿಟ್ಟ ಮೇಲೂ ಗದ್ದೆ ತನ್ನ ಕೆಲಸ ಬಿಟ್ಟಿರಲಿಲ್ಲ. ಈ ಏಪ್ರಿಲಿನಲ್ಲೂ ಬಾವಿಯಲ್ಲಿ ನಾಲ್ಕು ಅಡಿ ನೀರಿತ್ತು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಇದೇ ಗಿರಿ ಗದ್ದೆಯ ಮೂಲೆಯ ಗುಂಡಿಯಿಂದ ಹನ್ನೆರಡು ದಿನ ಪಂಪು ಓಡಿಸಿದ್ದ. ಅದೆಲ್ಲ ಉಪಯೋಗವಲ್ಲವಂತೆ. ಕಂಡವರು ಬಂದು ಬರೆದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇದೇ ನೀರು ಕುಡಿದು ಬೆಳೆದವನು ಬರೆಸಿದ್ದ. ಏಳು ವರ್ಷ ಬಾಯಿ ಮುಚ್ಚಿಕೊಂಡು ಐದು ಸೆಂಟಿನಲ್ಲಿ ಶಾಸ್ತ್ರ ಮುಗಿಸಿದ ತನ್ನ ಮೇಲೂ ಅವಳಿಗೆ ಅಷ್ಟೇ ಸಿಟ್ಟು ಬಂತು.

ಸಂಜೆ ಗಿರಿಯ ಫೋನ್ ಬಂತು. "ಆಯ್ತಾ ಅತ್ತಿಗೆ?"

"ಕನ್ನಡಕ ಸಿಗ್ಲಿಲ್ಲ. ನೋಡ್ತೇನೆ."

ಕನ್ನಡಕ ಮೂಗಿನ ಮೇಲೆಯೇ ಇತ್ತು. ಫೋನ್ ಇಟ್ಟು, ಒಂದು ಬಿಳಿ ಹಾಳೆ ತೆಗೆದು, ತಹಶೀಲ್ದಾರರಿಗೆ ಎಂದು ಮೇಲೆ ಬರೆದಳು. ಸರ್ವೆ ನಂಬರ್ ಬರೆದಳು. 'ನನ್ನ ಆಕ್ಷೇಪಣೆ ಇದೆ' ಎಂಬುದನ್ನು ಮೊದಲ ವಾಕ್ಯ ಮಾಡಿದಳು. ಸೋಮವಾರ ಎಂಟು ಗಂಟೆಯ ಮಡಿಕೇರಿ ಬಸ್ಸಿಗೆ ಹೊರಡುವುದು. ಕೇಳಿದವರಿಗೆ ಸೊಂಟ ನೋವು, ಡಾಕ್ಟರಿಗೆ ತೋರಿಸಬೇಕು ಎಂದರಾಯಿತು.